ಬೂಟು ಬಿಚ್ಚಿದ ಮೇಲೇ ಸಹಿ

ಬೆಳಿಗ್ಗೆ ಐದೂಮುಕ್ಕಾಲು. ಜಂಗಮಕೋಟೆಯ ಹೊರಗೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿರುವ ಮನೆಯಲ್ಲಿ ಮೇನ್ ಸ್ವಿಚ್ಚು ಬಂದ್ ಆಗಿದೆ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಗಂಗರಾಜು ಸ್ವಿಚ್ ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಗ್ಗರ್ ಎಂಬ ಪೆಟ್ಟಿಗೆಯ ಹಿಡಿ ತಿರುಗಿಸುತ್ತಿದ್ದಾರೆ. ರಾಗಿ ಬೀಸಿದಂತೆ ಗರಗರ ಸದ್ದು. ವೈರಿನ ಹೊದಿಕೆ ಸವೆದು ಎಲ್ಲಾದರೂ ಕರೆಂಟು ಸೋರುವಂತಿದೆಯೇ ಎಂಬುದನ್ನು ಈ ಪೆಟ್ಟಿಗೆಯ ಮುಳ್ಳು ಹೇಳುತ್ತದೆ. ಮುಳ್ಳು ನಿಂತ ಕಡೆ ನೋಡಿ, ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು, ಗೋಡೆಯ ಮೇಲೆ ಸಣ್ಣದೊಂದು ಗೀಟು ಎಳೆಯುತ್ತಾರೆ. ಇನ್ನೂ ಹನ್ನೊಂದು ಬೋರ್ಡುಗಳಿವೆ.

ಇಷ್ಟು ಬೇಗ ಯಾಕೆ ಎಂದರೆ, ಪಕ್ಕದ ಹಳೇ ಮನೆಗೂ ಇದೇ ಮೇನಿನಿಂದ ಲೈನು. "ಏಳು ಗಂಟೆ ಆಯ್ತು ಅಂದ್ರೆ ಮಿಕ್ಸಿ ಶುರು ಆಗುತ್ತೆ. ಚಟ್ನಿಗೆ ಅಡ್ಡ ಬಂದೋನ್ನ ಈ ಸೀಮೇಲಿ ಯಾರೂ ಕ್ಷಮಿಸಲ್ಲ" ಎನ್ನುತ್ತಾರೆ.

ಬಾಗಿಲಲ್ಲಿ ಮನೆಯೊಡತಿ ಶ್ಯಾಮಲಮ್ಮ ನಿಂತಿದ್ದಾರೆ. ಅವರ ಕಣ್ಣೆಲ್ಲ ಗಂಗರಾಜು ಅವರ ಕಾಲಿನ ಮೇಲೆ. ಮೊಣಕಾಲಿನ ಹತ್ತಿರ ಬರುವ ಕಪ್ಪು ರಬ್ಬರ್ ಬೂಟು, ಅದರ ಮೇಲೆ ನಿನ್ನೆಯ ಕೆಸರು.

"ಏಮಪ್ಪಾ ಗಂಗರಾಜು, ದೇವ್ರ ಮನೆ ಒಳಗೂ ಬೂಟಾ?"

"ಸೈನ್ ಹಾಕೋವರೆಗೂ ಇದು ಮನೆ ಅಲ್ಲಕ್ಕ, ಶೆಡ್ಡು. ಶೆಡ್ಡಲ್ಲಿ ದೇವ್ರೂ ಬೂಟ್ ಹಾಕ್ಕೊಂಡಿರ್ಬೇಕು."

ನಾಡಿದ್ದು ಶುಕ್ರವಾರ ಗೃಹಪ್ರವೇಶ. ಕಾರ್ಡು ಹಂಚಿಯಾಗಿದೆ, ಅಡುಗೆಯವರು ಪಾತ್ರೆ ಇಳಿಸಿಹೋಗಿದ್ದಾರೆ. ಗಂಗರಾಜು ಸಹಿ ಮಾಡಿದ ರಿಪೋರ್ಟು ಕರೆಂಟ್ ಆಫೀಸಿಗೆ ಹೋಗದಿದ್ದರೆ ಶೆಡ್ಡಿನ ಸಂಪರ್ಕ ಮನೆಯ ಸಂಪರ್ಕವಾಗುವುದಿಲ್ಲ. ಈ ಹೊತ್ತಿನಲ್ಲಿ ಬೂಟಿನ ವಿಷಯಕ್ಕೆ ಜಗಳವಾಡುವುದು ಜಾಣತನವಲ್ಲ ಎಂದು ಶ್ಯಾಮಲಮ್ಮನಿಗೆ ಗೊತ್ತು.

ಐವತ್ತೊಂದು ವರ್ಷದ ಗಂಗರಾಜು ಮೇಲೂರಿನವರು. ತಂದೆ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಬಿಸಿನೀರಿಗೆ ಕೈ ಅದ್ದಿ ಬದುಕಿದವರು. ಮಗ ಒಣಗಿದ ಕೈಯಲ್ಲಿ ಮಾಡುವ ಕೆಲಸ ಕಲಿಯಲಿ ಎಂದು ಚಿಕ್ಕಬಳ್ಳಾಪುರಕ್ಕೆ ಐಟಿಐ ಓದಲು ಕಳಿಸಿದರು. ವೈರಿಂಗ್ ಪರೀಕ್ಷಿಸಿ ಸಹಿ ಹಾಕುವ ಲೈಸೆನ್ಸು ಸಿಕ್ಕು ಇಪ್ಪತ್ಮೂರು ವರ್ಷ. ಸೀಟಿನ ಬಟ್ಟೆ ಹರಿದ ಮೊಪೆಡ್ಡಿನಲ್ಲಿ, ಮೆಗ್ಗರ್ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಗೌರಿಬಿದನೂರಿನಿಂದ ಚಿಂತಾಮಣಿವರೆಗೂ ತಿರುಗುತ್ತಾರೆ. ವಾರಕ್ಕೆ ಐದಾರು ಕಟ್ಟಡ. ಹತ್ತರಲ್ಲಿ ಎರಡಕ್ಕೆ ಮೊದಲ ಸಲವೇ ಸಹಿ ಬೀಳುತ್ತದೆ. ಉಳಿದ ಎಂಟರ ಒಡೆಯರು ಅವರಿಗೆ 'ಆಗಲ್ಲಪ್ಪ' ಎಂದು ಹೆಸರಿಟ್ಟಿದ್ದಾರೆ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಗಂಗರಾಜು ಮನೆ ಎಲ್ಲಿ ಎಂದರೆ ತಲೆ ಕೆರೆಯುತ್ತಾರೆ. ಆಗಲ್ಲಪ್ಪನ ಮನೆ ಎಂದರೆ ಬಾಗಿಲವರೆಗೂ ಬಿಟ್ಟುಬರುತ್ತಾರೆ.

"ನಮ್ಮಣ್ಣ ಗೌರಿಬಿದನೂರಲ್ಲಿ ಹಸು ಕೊಟ್ಟಿಗೇನ ಬಾಡಿಗೆ ಮನೆ ಮಾಡ್ದ. ಇವ್ರು ಸೈನ್ ಹಾಕ್ಲಿಲ್ಲ. ಮೂರು ವರ್ಷ ಆಯ್ತು, ಗೌರಿ ಹಬ್ಬಕ್ಕೆ ಬಾಗಿನ ಬಂದಿಲ್ಲ ನಂಗೆ" ಎನ್ನುತ್ತಾರೆ ಅವರ ಹೆಂಡತಿ ವೆಂಕಟರತ್ನಮ್ಮ. ಒಂದು ಕ್ಷಣ ಬಿಟ್ಟು, "ಸದ್ಯ, ಅತ್ತಿಗೆ ಸೀರೆ ಸೆಲೆಕ್ಷನ್ ನೋಡಿದ್ರೆ ಬರ್ದೇ ಇರೋದೇ ವಾಸಿ" ಎಂದು ಸೇರಿಸುತ್ತಾರೆ.

ಮೊದಲು ಹೀಗಿರಲಿಲ್ಲ. ಲೈಸೆನ್ಸು ಬಂದ ಹೊಸತರಲ್ಲಿ ಅವರೂ ಟೀ ಅಂಗಡಿಯ ಮೇಜಿನ ಮೇಲೆ ಒಂದು ರಿಪೋರ್ಟಿಗೆ ಸಹಿ ಹಾಕಿದ್ದರು. ಮುರುಗಮಲ್ಲದ ಹತ್ತಿರ ಅಂಗಡಿಯೊಂದು ಮನೆಯಾಗಿತ್ತು. ಹೋಗಿ ನೋಡಿರಲಿಲ್ಲ. ಎರಡು ತಿಂಗಳಿಗೆ ಆ ಮನೆಯ ಗಂಗುಲಮ್ಮ ಒದ್ದೆ ಬಟ್ಟೆಯನ್ನು ಕಬ್ಬಿಣದ ತಂತಿಗೆ ಹಾಕಲು ಹೋಗಿ ಕರೆಂಟು ಹೊಡೆದು ಬಿದ್ದರು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಆ ಕಡೆ ಹೋದಾಗಲೆಲ್ಲ ಗಂಗರಾಜು ಅವರ ಮನೆಗೆ ಹೋಗುತ್ತಾರೆ. ಗಂಗುಲಮ್ಮ ಅದೇ ಕೈಯಲ್ಲಿ ಟೀ ಲೋಟ ಕೊಡುತ್ತಾರೆ. "ಒಂದು ಮಾತು ಅಂದಿಲ್ಲ ಆಯಮ್ಮ. ಅಂದಿದ್ರೆ ಒಳ್ಳೇದಿತ್ತು" ಎನ್ನುತ್ತಾರೆ ಗಂಗರಾಜು.

ಈಗ ಕೂತಿರುವ ಈ ಮನೆ ಇಪ್ಪತ್ತೆರಡು ವರ್ಷ ಹುಳು ಮನೆಯಾಗಿತ್ತು. ಶ್ಯಾಮಲಮ್ಮನ ಗಂಡ ಮುನಿವೆಂಕಟಪ್ಪ ಇಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ತೋಟದೊಳಗೆ ದೊಡ್ಡ ಹುಳು ಮನೆ ಕಟ್ಟಿದ ಮೇಲೆ, ಇದಕ್ಕೆ ಅಡುಗೆ ಮನೆ, ಬಚ್ಚಲು, ಟೈಲ್ಸು ಸೇರಿಸಿ ಮಗಳು ರೂಪ ಮತ್ತು ಅಳಿಯನಿಗೆಂದು ಮನೆ ಮಾಡಿದ್ದಾರೆ. ಎಲ್ಲ ಹೊಸದು, ವೈರಿಂಗ್ ಒಂದು ಬಿಟ್ಟು. "ಓಡ್ತಿರೋ ವೈರನ್ನ ಯಾಕೆ ಕೀಳ್ಬೇಕು?" ಎಂಬುದು ಮುನಿವೆಂಕಟಪ್ಪನವರ ಪ್ರಶ್ನೆಯಾಗಿತ್ತು.

ಮೂರು ವಾರದ ಹಿಂದೆ ಗಂಗರಾಜು ಮೊದಲ ಸಲ ಬಂದಾಗ ನಡೆದ ಮಾತುಕತೆಯನ್ನು ಈಗ ಊರೆಲ್ಲ ಬಾಯಿಪಾಠ ಮಾಡಿಕೊಂಡಿದೆ.

"ಇಪ್ಪತ್ತೆರಡು ವರ್ಷ ಕಣಯ್ಯ. ಒಬ್ರಿಗೂ ಜುಮ್ ಅಂದಿಲ್ಲ. ಒಂದು ಹುಳೂ ಕರೆಂಟ್ ಹೊಡ್ದು ಸತ್ತಿಲ್ಲ" ಎಂದರು ಮುನಿವೆಂಕಟಪ್ಪ.

ಗಂಗರಾಜು ಟೆಸ್ಟರನ್ನು ಬಾಗಿಲಿನ ಕಬ್ಬಿಣದ ಚೌಕಟ್ಟಿಗೆ ಮುಟ್ಟಿಸಿದರು. ಟೆಸ್ಟರು ದೀಪಾವಳಿಯಂತೆ ಉರಿಯಿತು.

"ಹುಳು ಬಿದಿರು ತಟ್ಟೇಲಿ ಮಲಗಿತ್ತು ಅಣ್ಣ. ಅದಕ್ಕೆ ಹೊಡೀಲಿಲ್ಲ. ನಿಮಗೆ ಯಾಕೆ ಹೊಡೀಲಿಲ್ಲ ಹೇಳಿ?"

ಮುನಿವೆಂಕಟಪ್ಪ ಯೋಚಿಸಿದರು. "ಅಭ್ಯಾಸ ಆಗಿತ್ತೇನೋ."

ಕಾರಣ ಬಾಗಿಲ ಹೊರಗೆ, ಗೂಡಿನಲ್ಲಿ ಸಾಲಾಗಿತ್ತು: ಎಂಟು ಜೊತೆ ಹವಾಯಿ ಚಪ್ಪಲಿ. ಹೊರಗಿನ ಕಾಲಿನಲ್ಲಿ ಹುಳು ಮನೆಗೆ ಹೋದರೆ ಹುಳುವಿಗೆ ರೋಗ ಬರುತ್ತದೆ. ಅದಕ್ಕೇ ಇಲ್ಲಿ ಪ್ರತಿ ಹುಳು ಮನೆಗೂ ಒಳಗೆ ಹಾಕುವ ಚಪ್ಪಲಿ ಬೇರೆ. ಜೊತೆಗೆ, ಪ್ರತಿ ಬೆಳೆಗೂ ಮುಂಚೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಗೋಡೆ, ನೆಲ ತೊಳೆಯುತ್ತಾರೆ. ಆ ನೀರು ಇಪ್ಪತ್ತೆರಡು ವರ್ಷದಲ್ಲಿ ಅರ್ತ್ ತಂತಿಯನ್ನು ಪೂರ್ತಿ ತಿಂದುಹಾಕಿತ್ತು. ಸೋರಿದ ಕರೆಂಟು ಭೂಮಿಗೆ ಇಳಿಯಲು ದಾರಿಯಿಲ್ಲದೆ ಚೌಕಟ್ಟಿನಲ್ಲೇ ಕಾದು ಕೂತಿತ್ತು. ಹುಳುವಿನ ಆರೋಗ್ಯಕ್ಕೆಂದು ಹಾಕಿದ ಚಪ್ಪಲಿ, ಯಾರಿಗೂ ತಿಳಿಯದಂತೆ ಮನುಷ್ಯರನ್ನು ಕಾಯುತ್ತಾ ಬಂದಿತ್ತು. ಈಗ ಹುಳು ಮನೆ ಬರೀ ಮನೆಯಾಗುತ್ತದೆ. ಮನೆಯೊಳಗೆ ಯಾರು ಚಪ್ಪಲಿ ಹಾಕುತ್ತಾರೆ?

ಮುನಿವೆಂಕಟಪ್ಪ ಸುಲಭಕ್ಕೆ ಸೋಲುವವರಲ್ಲ. "ಸರಿ, ಎಲ್ರೂ ಚಪ್ಪಲಿ ಹಾಕ್ಕೊಂಡೇ ಪ್ರವೇಶ ಮಾಡ್ತೀವಿ ಬಿಡು. ಪುರೋಹಿತ್ರಿಗೂ ಒಂದು ಜೊತೆ ಕೊಡ್ತೀನಿ."

"ಹಸುಗೆ?" ಎಂದು ಕೇಳಿದರು ಗಂಗರಾಜು.

ಗೃಹಪ್ರವೇಶದಲ್ಲಿ ಮೊದಲು ಹೊಸಿಲು ದಾಟುವುದು ಹಸು. ಅದೂ ತೊಳೆದ ನೆಲದ ಮೇಲೆ. "ಮನುಷ್ಯನಿಗೆ ಜುಮ್ ಅನ್ನೋದು ಹಸು ಪ್ರಾಣಾನೇ ತೆಗೆಯುತ್ತೆ ಅಣ್ಣ. ನಾಲ್ಕು ಕಾಲೂ ನೆಲದ ಮೇಲೇ ಇರುತ್ತೆ."

ಅಲ್ಲಿಯವರೆಗೂ ಗಂಡನ ಪಕ್ಷದಲ್ಲಿದ್ದ ಶ್ಯಾಮಲಮ್ಮ ಆಗ ಬಾಯಿಬಿಟ್ಟರು. "ಹಸು ಹಗ್ಗ ಹಿಡ್ಕೊಂಡು ಮುಂದೆ ಹೋಗೋಳು ನಾನು. ಇದೇನಾ ನಿಮ್ಮ ಪ್ಲಾನು?"

ಮಾರನೇ ದಿನವೇ ಹಳೇ ವೈರೆಲ್ಲ ಅಂಗಳಕ್ಕೆ ಬಿತ್ತು. ಹೊಸ ವೈರಿಂಗಿಗೆ ಶ್ಯಾಮಲಮ್ಮನೇ ಮೇಸ್ತ್ರಿ. ಗಂಗರಾಜು ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಪದರ ಪದರವಾಗಿ ಸುರಿಸುವಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. "ಕರೆಂಟ್‌ಗೆ ಉಪ್ಪಿನಕಾಯಿ ಹಾಕ್ತಿದೀಯೇನಪ್ಪ? ಒಂಚೂರು ಮೆಂತ್ಯ ತರ್ಲಾ?" ಎಂದಿದ್ದರು. ಗುಂಡಿ ಯಾವಾಗಲೂ ತೇವವಾಗಿರಬೇಕು ಎಂದು ಗಂಗರಾಜು ಹೇಳಿದ್ದೇ ತಡ, ದಿನಾ ಬೆಳಿಗ್ಗೆ ತುಳಸಿಗೆ ಒಂದು ಚೊಂಬು, ಗುಂಡಿಗೆ ಒಂದು ಕೊಡ.

ಇಂದು ಹನ್ನೆರಡನೇ ಗೀಟು ಬೀಳುವ ಹೊತ್ತಿಗೆ ಆರೂವರೆ. ಮೇನ್ ಹಾಕುತ್ತಾರೆ. ಕರೆಂಟು ಸೋರಿದ ಕೂಡಲೇ ತಾನಾಗಿ ಬೀಳುವ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತುತ್ತಾರೆ. ಟಪ್ ಎಂದು ಬೀಳುತ್ತದೆ. ಶ್ಯಾಮಲಮ್ಮ ಅರಿಶಿನ ಕುಂಕುಮದ ತಟ್ಟೆ ತರಲು ತಿರುಗುತ್ತಾರೆ. ಅಷ್ಟರಲ್ಲಿ ಗಂಗರಾಜು ಅಡುಗೆ ಮನೆಯ ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು ಬೆಳಕಿಗೆ ಹಿಡಿಯುತ್ತಾರೆ. ಮೂರು ಕಡ್ಡಿ ಇರಬೇಕಾದಲ್ಲಿ ಎರಡಿವೆ.

"ಅಣ್ಣಾ, ಮೂರನೇ ಕಡ್ಡಿ?"

ಅಂಗಳದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ಮುನಿವೆಂಕಟಪ್ಪ ಆಕಾಶ ನೋಡುತ್ತಾರೆ. "ಹಳೇ ಮನೇಲಿ ಎರಡು ತೂತಿನ ಬೋರ್ಡು. ಹಿಡೀಲಿಲ್ಲ. ಮುರ್ದೆ."

"ಆಗಲ್ಲಣ್ಣ."

"ಒಂದು ಕಡ್ಡಿಗೆ?"

"ನೀವು ಉಪ್ಪು ಹಾಕಿ, ನೀರ್ ಹೊಯ್ದು ಸಾಕಿದ ಅರ್ತು ಫ್ರಿಜ್ ತನಕ ಬರೋದು ಆ ಕಡ್ಡೀಲೇ."

ಶ್ಯಾಮಲಮ್ಮ ಗಂಡನನ್ನು ನೋಡುವ ನೋಟಕ್ಕೆ ಮೆಗ್ಗರ್ ಬೇಕಿಲ್ಲ. ಮುನಿವೆಂಕಟಪ್ಪ ಸ್ಕೂಟರ್ ಹತ್ತಿ ಜಂಗಮಕೋಟೆಗೆ ಹೋಗಿ, ಇನ್ನೂ ತೆರೆಯದ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿ, ಮೂರು ಕಡ್ಡಿಯ ಪ್ಲಗ್ಗು ತರುತ್ತಾರೆ. ಒಂದಲ್ಲ, ನಾಲ್ಕು. ಇಸ್ತ್ರಿ ಪೆಟ್ಟಿಗೆಯ ಕಡ್ಡಿಯನ್ನೂ ಮುರಿದದ್ದು ದಾರಿಯಲ್ಲಿ ನೆನಪಾಯಿತಂತೆ.

ಏಳೂಕಾಲಿಗೆ ಎಲ್ಲ ಮುಗಿಯುತ್ತದೆ. ಗಂಗರಾಜು ರಿಪೋರ್ಟಿನ ಹಾಳೆಗಳನ್ನು ಹೊರಗೆ ತೆಗೆಯುತ್ತಾರೆ, ಸಹಿ ಹಾಕುವುದಿಲ್ಲ. ಮೊದಲು ಹೊಸಿಲ ಬಳಿ ಬಗ್ಗಿ ಚೌಕಟ್ಟಿಗೆ ಟೆಸ್ಟರು ಮುಟ್ಟಿಸುತ್ತಾರೆ. ಟೆಸ್ಟರು ಕಪ್ಪಗೇ ಇರುತ್ತದೆ. ಆಮೇಲೆ ಒಂದೊಂದಾಗಿ ಬೂಟು ಬಿಚ್ಚುತ್ತಾರೆ. ಶ್ಯಾಮಲಮ್ಮ ಆಗಷ್ಟೇ ಸಾರಿಸಿದ ನೆಲ ಇನ್ನೂ ಒದ್ದೆಯಿದೆ. ಅದರ ಮೇಲೆ ಬರಿಗಾಲಲ್ಲಿ ನಿಂತು, ಚೌಕಟ್ಟನ್ನು ಅಂಗೈ ತುಂಬ ಹಿಡಿಯುತ್ತಾರೆ. ಮೀಟರು ಎಲ್ಲ ಹೇಳಿದ ಮೇಲೂ ಪ್ರತಿ ಮನೆಯಲ್ಲಿ ಹೀಗೆ ನಿಲ್ಲುತ್ತಾರೆ. ಮುರುಗಮಲ್ಲದ ನಂತರ ಬಂದ ಅಭ್ಯಾಸ ಇದು.

ಬಳಿಕ ಅದೇ ಹೊಸಿಲ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಮೂರು ಪ್ರತಿಗೂ ಸಹಿ ಹಾಕುತ್ತಾರೆ.

ಶ್ಯಾಮಲಮ್ಮ ಕಾರ್ಡಿಗೆ ಕುಂಕುಮ ಹಚ್ಚಿ ಕೊಡುತ್ತಾರೆ. "ಶುಕ್ರವಾರ ಹೆಂಡ್ತಿ ಕರ್ಕೊಂಡು ಬಾರಪ್ಪ. ಊಟ ಮಾಡ್ದೆ ಹೋಗಂಗಿಲ್ಲ. ಆಯಮ್ಮಂಗೆ ಒಂದು ಬಾಗಿನ ಎತ್ತಿಟ್ಟಿದೀನಿ."

ಇಪ್ಪತ್ಮೂರು ವರ್ಷದಲ್ಲಿ ಗೃಹಪ್ರವೇಶದ ಕಾರ್ಡು ಅವರಿಗೆ ಬಂದದ್ದು ಏಳು ಸಲ. ಎಂಟನೆಯದನ್ನು ಮೆಗ್ಗರ್ ಪೆಟ್ಟಿಗೆಯೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

"ಮೊದ್ಲು ಹಸು, ಆಮೇಲೆ ನೀವೆಲ್ಲ" ಎಂದು ಮುನಿವೆಂಕಟಪ್ಪ ಕ್ರಮ ಹೇಳಲು ಶುರುಮಾಡುತ್ತಾರೆ.

ಮೊಪೆಡ್ಡಿನ ಸ್ಟ್ಯಾಂಡು ತೆಗೆಯುತ್ತಾ ಗಂಗರಾಜು ಮೆಲ್ಲಗೆ ಹೇಳುತ್ತಾರೆ: "ಹಸು ಎರಡ್ನೇದು ಅಣ್ಣ. ಬರಿಗಾಲಲ್ಲಿ ಮೊದಲ್ನೇ ಪ್ರವೇಶ ಆಗ್ಲೇ ಆಯ್ತು."