ದೊಡ್ಡಪ್ಪ ಆಶ್ರಮ ನೋಡಿದ್ದು

ಹುಲಿಕುಂಟೆಯ ನಮ್ಮ ದೊಡ್ಡಪ್ಪ ಮದುವೆಯಾಗದೆ, ದನದ ವ್ಯಾಪಾರದಲ್ಲೇ ಮುದುಕರಾದವರು. ಸಿರಾದಲ್ಲಿ ನಮ್ಮ ಜೊತೆಗಿದ್ದ ಅವರನ್ನು ಮಧುಗಿರಿಯ ಒಂದು ವೃದ್ಧಾಶ್ರಮ ತೋರಿಸಲು ಕರೆದೊಯ್ದೆ. ಮೇಲ್ವಿಚಾರಕರು ಕೋಣೆ, ಮಂಚ, ಹೊಸ ಬಾವಿ ಎಲ್ಲ ತೋರಿಸಿದರು. ದೊಡ್ಡಪ್ಪ ಒಂದನ್ನೂ ನೋಡದೆ ಊಟದ ಪಂಕ್ತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಉಣ್ಣುತ್ತಿದ್ದ ಮುದುಕರನ್ನು ಒಬ್ಬೊಬ್ಬರಾಗಿ ದಿಟ್ಟಿಸಿದರು.

“ಹೆಂಗೈತೆ ದೊಡ್ಡಪ್ಪ?” ಎಂದೆ.

“ಮೇವು ಚೆಂದಾಗೈತೆ ಕಣ್ಲಾ. ಆದ್ರೆ ಎಲ್ಲಾ ಬಾಗ್ಲ ಕಡೀಕೇ ನೋಡ್ತಾವ್ರೆ. ಕೊಟ್ಟಿಗೆಗೆ ಒಗ್ಗದಿರೋ ದನ ಹಂಗೇ ನೋಡೋದು.”

ಮೇಲ್ವಿಚಾರಕರು ಕೆಮ್ಮಿದರು. ನಾವು ಮುಂದಿನ ಬಸ್ಸಿಗೇ ವಾಪಸಾದೆವು.

ಬದುಕಿರುವ ತನಕ ದೊಡ್ಡಪ್ಪ ನಮ್ಮ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿಯೇ ಕೂತರು. ಬಂದವರಿಗೆ ಮುಖ ಕೊಟ್ಟು ಮಾತಾಡುವುದಿಲ್ಲವೆಂದು ನನ್ನ ಹೆಂಡತಿಗೆ ಸಿಟ್ಟು. ನಾನು ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದೆ. ಆ ಬೆನ್ನು ಕೊಟ್ಟಂಥ ಸರ್ಟಿಫಿಕೇಟನ್ನು ಯಾವ ಅಮಲ್ದಾರರೂ ಕೊಡಲಿಲ್ಲ.