ಅಂಟಿಕೊಂಡ ಎರಡು ಹಾಳೆ

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತಿದ್ದವಳು ನಾನು. ಶಾಲೆಯೇ ಬೇಡ ಎನ್ನುವವರನ್ನು ಮೆಚ್ಚಿಕೊಳ್ಳಲು ನನಗೇನು ತಲೆ ಕೆಟ್ಟಿತ್ತೇ. ಅಂಥದ್ದರಲ್ಲಿ ನನ್ನ ಸ್ವಂತ ತಮ್ಮನ ಹೆಂಡತಿಯೇ ಆ ಕೆಲಸ ಮಾಡಿದಳು.

ತಮ್ಮ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ದಿವಾದಲ್ಲಿ ಒನ್ ರೂಮ್ ಕಿಚನ್ ಮನೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಮಕ್ಕಳು. ನಾನು ಹೇಳುತ್ತಿರುವ ವರ್ಷ ಮಗನಿಗೆ ಏಳು ತುಂಬಿತ್ತು, ಮಗಳಿಗೆ ನಾಲ್ಕು. ಮಗನನ್ನು ಸೀನಿಯರ್ ಕೆಜಿವರೆಗೆ ಹತ್ತಿರದ ಶಾಲೆಗೆ ಕಳಿಸಿದ್ದರು. ದಿನಾ ಬೆಳಿಗ್ಗೆ ಯೂನಿಫಾರ್ಮ್ ಕಂಡ ಕೂಡಲೇ ಅವನಿಗೆ ವಾಂತಿ. ಡಾಕ್ಟರು ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದರು. ನಾದಿನಿ ಆ ವರ್ಷ ಮುಗಿಯುವ ತನಕ ಬಕೆಟ್ ಹಿಡಿದುಕೊಂಡು ನೋಡಿದಳು, ಆಮೇಲೆ ಶಾಲೆ ಬಿಡಿಸಿದಳು. ಬೇಲಾಪುರದ ಆಫೀಸಿನಲ್ಲಿದ್ದ ತನ್ನ ಕೆಲಸವನ್ನೂ ಬಿಟ್ಟಳು. ಇವನಿಗೆ ನಾನೇ ಕಲಿಸುತ್ತೇನೆ ಎಂದಳು.

ಸಂಬಂಧಿಕರ ಬಾಯಿ ಗೊತ್ತಲ್ಲ. ಒಂದು ಮದುವೆಯಲ್ಲಿ ನಮ್ಮ ದೊಡ್ಡಮ್ಮ ಊಟದ ಪಂಕ್ತಿಯಲ್ಲೇ ಹುಡುಗನನ್ನು ಕೇಳಿದರು, "ಯಾವ ಶಾಲೆ ಮಗಾ ನಿಂದು? ಅಮ್ಮನ ಶಾಲೆಯಾ? ಅಲ್ಲಿ ಮಧ್ಯಾಹ್ನ ನಿದ್ದೆಗೂ ಮಾರ್ಕ್ಸ್ ಉಂಟಾ?" ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನಾದಿನಿ ಮಾತ್ರ ದೊಡ್ಡಮ್ಮನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, "ನಿದ್ದೆಯಲ್ಲಿ ಅವ ಫಸ್ಟ್ ಕ್ಲಾಸ್ ದೊಡ್ಡಮ್ಮ" ಎಂದಳು.

ತಮ್ಮನದು ಒಂದೇ ಷರತ್ತು. ಹುಡುಗನಿಗೆ ವಯಸ್ಸಿಗೆ ತಕ್ಕಂತೆ ಓದಲು ಬರಬೇಕು, ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ. ಬರದಿದ್ದರೆ ಸೀದಾ ಶಾಲೆ. ಅದಕ್ಕೆಂದೇ ನಾನು ನಮ್ಮ ಹೆಡ್‌ಮಿಸ್ಟ್ರೆಸ್ ಹತ್ತಿರ ಒಂದು ಸೀಟಿಗೆ ಮಾತಾಡಿಟ್ಟಿದ್ದೆ. ನಾದಿನಿಗೆ ಅದು ಗೊತ್ತಿತ್ತು. ಸಿಟ್ಟು ಮಾಡಿಕೊಂಡಿರಲಿಲ್ಲ.

ತಮ್ಮನಿಗೆ ವಾರದ ರಜೆ ಬುಧವಾರ. ನನ್ನದು ಬೆಳಗಿನ ಶಿಫ್ಟ್ ಶಾಲೆಯಾದ್ದರಿಂದ ಬುಧವಾರ ಊಟ ಮುಗಿಸಿ ಸ್ಲೋ ಲೋಕಲ್ ರೈಲು ಹಿಡಿದು ದಿವಾಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದೆ. ತಮ್ಮನನ್ನು ನೋಡಲು ಎಂದು ಹೇಳುತ್ತಿದ್ದೆ. ನಿಜವಾಗಿ ಹೋಗುತ್ತಿದ್ದದ್ದು ತಪ್ಪು ಹುಡುಕಲು.

ತಪ್ಪುಗಳು ಬಾಗಿಲಲ್ಲೇ ಸಿಗುತ್ತಿದ್ದವು. ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಗ್ರಿಲ್ಲಿನಲ್ಲಿ ಮಣ್ಣಿನ ಹಣತೆಗಳು ಒಣಗುತ್ತಿದ್ದವು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ ಗೂಡುದೀಪ ಫ್ಯಾನಿನ ಕೊಕ್ಕೆಯ ಪಕ್ಕ ನೇತಾಡುತ್ತಿತ್ತು. ಕೆಳಗಿನ ಟೈಲರ್ ಕೊಟ್ಟ ಚಿಂದಿ ಬಟ್ಟೆಯ ಮೂಟೆ ಒಂದು ಮೂಲೆಯಲ್ಲಿ. ಒಮ್ಮೆ ಹಿಟ್ಟಿನ ಅಂಟಿನ ಮೇಲೆಯೇ ಕುಳಿತು, ನನ್ನ ಒಳ್ಳೆಯ ಸೀರೆಗೆ ಅರ್ಧ ಕಾಗದದ ನವಿಲು ಅಂಟಿಸಿಕೊಂಡು ಡೊಂಬಿವಲಿ ತನಕ ಬಂದಿದ್ದೇನೆ.

ಆದರೆ ಒಂದು ಮಾತು ಒಪ್ಪಲೇಬೇಕು. ಆ ನಾಲ್ಕು ವರ್ಷದ ಹುಡುಗಿ ಕತ್ತರಿ ಹಿಡಿಯುವ ರೀತಿ ನನ್ನ ಕ್ಲಾಸಿನ ಆರು ವರ್ಷದವರಿಗೆ ಬರುತ್ತಿರಲಿಲ್ಲ. ಹುಡುಗ ಕಾಲು ಕಿಲೋ ಅವಲಕ್ಕಿಯನ್ನು ತೂಗಿ, ನಾಲ್ವರಿಗೆ ಹಂಚಿ, ಉಳಿದದ್ದು ಎಷ್ಟು ಎಂದು ಹೇಳುತ್ತಿದ್ದ. ನಾದಿನಿ ಅವರ ಮೇಲೆ ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ. ನಾನು ದಿನಕ್ಕೆ ನೂರು ಸಲ ಕೂಗುವವಳು. ಅದು ನನ್ನನ್ನು ಕುಟುಕುತ್ತಿತ್ತು.

ಸಂಜೆ ಆರೂವರೆಗೆ ಎಲ್ಲ ಎತ್ತಿಟ್ಟು, ನೆಲ ಒರೆಸಿ, ದೇವರಿಗೆ ದೀಪ ಹಚ್ಚಿ ಭಜನೆ. ಇದು ನಮ್ಮ ಅಮ್ಮ ಉಡುಪಿಯಿಂದ ತಂದ ಪದ್ಧತಿ. ಅಮ್ಮ ತಾನೇ ಕಟ್ಟಿದ ಸಣ್ಣಸಣ್ಣ ಭಜನೆಗಳನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅವರು ಹೋದ ಮೇಲೆ ಅದು ತಮ್ಮನ ಮನೆಗೆ ಬಂತು. ಅಮ್ಮನದೊಂದು ಕಟ್ಟುನಿಟ್ಟು ಇತ್ತು. ಎಷ್ಟೇ ಬಾಯಿಪಾಠವಿರಲಿ, ಪುಸ್ತಕ ಬಿಡಿಸಿಟ್ಟೇ ಹಾಡಬೇಕು. ದೇವರ ಮುಂದೆ ಒಂದು ಶಬ್ದವೂ ಬಿಟ್ಟುಹೋಗಬಾರದು. ಮನೆಯ ಹಿರಿಯ ಮಗು ಪುಸ್ತಕ ಹಿಡಿದು ಮುಂದೆ ಹೇಳಬೇಕು, ಉಳಿದವರು ಹಿಂದೆ. ಹಾಗೆ ನಾನೂ ಕೂತಿದ್ದೆ ಚಿಕ್ಕವಳಿದ್ದಾಗ. ಈಗ ಈ ಹುಡುಗ ಕೂರುತ್ತಿದ್ದ. ಮಡಿಲಲ್ಲಿ ಅಜ್ಜಿಯ ಪುಸ್ತಕ, ಸಾಲಿನ ಮೇಲೆ ಬೆರಳು, ಸರಿಯಾದ ಜಾಗದಲ್ಲಿ ಹಾಳೆ ಮಗುಚುವುದು. ಎಂಥ ಚಂದ. ಅದನ್ನು ನೋಡಿ ಎದುರು ಮನೆಯ ಮರಾಠಿ ಕಾಕು ಕೂಡ ತಮ್ಮ ಮೊಮ್ಮಗನಿಗೆ, "ಬಘ್, ಕಸಾ ವಾಚತೋ" ಎಂದು ತೋರಿಸುತ್ತಿದ್ದರು, ನೋಡು ಹೇಗೆ ಓದುತ್ತಾನೆ ಅಂತ. ತಮ್ಮನಿಗೆ ಬೇರೆ ಪರೀಕ್ಷೆಯೇ ಬೇಕಿರಲಿಲ್ಲ.

ಫೆಬ್ರುವರಿಯ ಒಂದು ಬುಧವಾರ. ತಮ್ಮ ಹೇರ್‌ಕಟ್ಟಿಗೆ ಹೋಗಿದ್ದ. ನಾನು ಹುಡುಗನ ಹಿಂದೆಯೇ ಕುಳಿತು ತಾಳ ಹಾಕುತ್ತಿದ್ದೆ. ಅವನು ಹಾಳೆ ಮಗುಚಿದ. ದೀಪದ ಎಣ್ಣೆ ಚೆಲ್ಲಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು, ಎರಡೂ ಒಟ್ಟಿಗೆ ಮಗುಚಿದವು. ಅವನು ನಿಲ್ಲಲಿಲ್ಲ. ಒಳಗೆ ಮುಚ್ಚಿಹೋದ ಪುಟದಲ್ಲಿದ್ದ ನುಡಿಯನ್ನು, ಎದುರಿಗಿದ್ದ ಬೇರೆಯೇ ಪುಟದ ಮೇಲೆ ಬೆರಳಾಡಿಸುತ್ತಾ, ಒಂದಕ್ಷರ ತಪ್ಪದೆ ಹಾಡಿ ಮುಗಿಸಿದ.

ಮಂಗಳಾರತಿ ಆದ ಮೇಲೆ ಅವನನ್ನು ಹತ್ತಿರ ಕರೆದೆ. "ಈ ಪುಟದಲ್ಲಿ ದೀಪ ಅಂತ ಎಲ್ಲಿ ಬರ್ದಿದ್ದಾರೆ, ಅತ್ತೆಗೆ ತೋರ್ಸು ನೋಡುವಾ."

ಅವನು ಖುಷಿಯಿಂದಲೇ ಬೆರಳಿಟ್ಟ. ಮೇಲಿನ ಸಾಲಿನಿಂದ ರಾಗವಾಗಿ ಹೇಳುತ್ತಾ ಬೆರಳು ಜಾರಿಸುತ್ತಾ ಬಂದ. ಬಾಯಲ್ಲಿ ದೀಪ ಬರುವ ಹೊತ್ತಿಗೆ ಬೆರಳು ಅಕ್ಷರಗಳನ್ನೆಲ್ಲ ದಾಟಿ ಪುಸ್ತಕದ ಅಂಚಿನ ಖಾಲಿ ಜಾಗದಲ್ಲಿತ್ತು. "ಇಲ್ಲಿ" ಎಂದ.

ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹುಡುಗನಿಗೆ, "ಹೋಗು ಮಗಾ, ತಂಗಿ ಜೊತೆ ಆಡು" ಎಂದಳು. ಆಮೇಲೆ ನನ್ನ ಎದುರು ನೆಲದ ಮೇಲೆ ಕುಳಿತಳು.

"ಎರಡು ವರ್ಷದಿಂದ ಇವನಿಗೆ ಓದ್ಲಿಕ್ಕೆ ಬರ್ತದೆ ಅಂತ ನಾನು ತಿಳ್ಕೊಂಡಿದ್ದೆ ಅತ್ತಿಗೆ."

ನನಗೆ ಒಳಗೊಳಗೇ ಖುಷಿಯಾಯಿತು. ಕೆಟ್ಟ ಮಾತು, ಆದರೆ ಆಯಿತು. ಹದಿನೆಂಟು ವರ್ಷದ ನನ್ನ ಅನುಭವ ಗೆದ್ದಿತ್ತು. ಆದರೆ ಅವಳ ಮುಖ ನೋಡಿ ಆ ಖುಷಿ ನಿಲ್ಲಲಿಲ್ಲ. "ನಾನು ತಮ್ಮನಿಗೆ ಹೇಳುದಿಲ್ಲ ಮಾರಾಯ್ತಿ. ನೀನು ಸ್ವಲ್ಪ ಗಟ್ಟಿ ಹಿಡಿದು ಕಲ್ಸು" ಎಂದೆ.

"ನೀವು ಹೇಳ್ಬೇಡಿ. ನಾನೇ ಹೇಳ್ತೇನೆ."

ಹೇಳಿಯೂಬಿಟ್ಟಳು. ತಮ್ಮ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದ. "ಇವನಿಗೆ ಓದ್ಲಿಕ್ಕೆ ಬರುದಿಲ್ಲ. ಇಷ್ಟು ದಿನ ಬಾಯಿಪಾಠ ಹೇಳ್ತಿದ್ದ. ನನಗೆ ಇವತ್ತು ಗೊತ್ತಾಯ್ತು." ಕಣ್ಣೀರಿಲ್ಲ, ನೆಪವಿಲ್ಲ. ಮಗ ಮೋಸ ಮಾಡಿದ ಅನ್ನಲಿಲ್ಲ. ನಮ್ಮ ಅಮ್ಮನ ಪುಸ್ತಕದಿಂದ ಹೀಗಾಯಿತು ಎಂದೂ ಅನ್ನಲಿಲ್ಲ. ಕೆಲಸ ಬಿಟ್ಟು, ಎಲ್ಲರ ಕೊಂಕು ಕೇಳಿ ಕಟ್ಟಿದ್ದು ಆ ಒಂದು ಮಾತಿನಿಂದ ಬಿದ್ದುಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ನಾನು ಅವಳ ಜಾಗದಲ್ಲಿದ್ದರೆ ಮುಚ್ಚಿಡುತ್ತಿದ್ದೆ. ಅವಳ ಬಗ್ಗೆ ನನ್ನ ಲೆಕ್ಕ ತಪ್ಪಲು ಶುರುವಾದದ್ದು ಆವತ್ತು.

ತಮ್ಮ ಹೊಸ ಹೇರ್‌ಕಟ್ಟಿನ ಕತ್ತು ಕೆರೆದುಕೊಂಡ. "ಹಾಗಾದ್ರೆ ಜೂನಿಗೆ ಶಾಲೆ" ಎಂದ.

"ಏಪ್ರಿಲ್ ತನಕ ಟೈಮ್ ಕೊಡಿ" ಎಂದಳು. "ಅಷ್ಟರಲ್ಲಿ ಆಗದಿದ್ರೆ ಯೂನಿಫಾರ್ಮ್ ನಾನೇ ಇಸ್ತ್ರಿ ಮಾಡಿ ಕಳಿಸ್ತೇನೆ. ಅತ್ತಿಗೆಯೇ ಪರೀಕ್ಷೆ ಮಾಡ್ಲಿ. ಅವ್ರು ಏನು ಹೇಳ್ತಾರೋ ಅದೇ ಕೊನೆ."

ಹೀಗೆ ನಾನು ಜಡ್ಜ್ ಆದೆ. ಸೀಟು ಹಿಡಿದಿಟ್ಟವಳೂ ನಾನೇ, ತೀರ್ಪು ಹೇಳಬೇಕಾದವಳೂ ನಾನೇ.

ಮುಂದಿನ ಬುಧವಾರ ಹೋದಾಗ ತಾಯಿ ಮಕ್ಕಳು ಮೂವರೂ ನೆಲದ ಮೇಲೆ ಪುಸ್ತಕ ಹೊಲಿಯುತ್ತಿದ್ದರು. ಅಜ್ಜಿಯ ಪುಸ್ತಕ ಹರಿಯುತ್ತಿದೆ, ಹೊಸ ಪ್ರತಿ ಮಾಡೋಣ ಎಂದು ಮಕ್ಕಳಿಗೆ ಹೇಳಿದ್ದಳು. ಹಳೆಯ ಕ್ಯಾಲೆಂಡರ್ ಹಾಳೆಗಳ ಖಾಲಿ ಬೆನ್ನು. ಹುಡುಗ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದ, ಹುಡುಗಿ ಕತ್ತರಿಸುತ್ತಿದ್ದಳು, ನಾದಿನಿ ದಪ್ಪ ಸೂಜಿಯಲ್ಲಿ ಬೆನ್ನು ಹೊಲಿದು, ಅಮ್ಮನ ಒಂದು ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಅಂಟಿಸಿದಳು. ಮಕ್ಕಳು ಆಡಲು ಹೋದ ಮೇಲೆ ಭಜನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಲು ಕುಳಿತಳು. ನಾನು ಹಿಂದಿನಿಂದ ಓದಿ ಬೆಚ್ಚಿಬಿದ್ದೆ. ಅಮ್ಮ ಕೃಷ್ಣನಿಗೆ ಬೆಣ್ಣೆ ಕೊಟ್ಟ ಕಡೆ ಇವಳು ದೋಸೆ ಕೊಟ್ಟಿದ್ದಳು. ಪುಟಕ್ಕೊಂದು ಇಂಥ ತಪ್ಪು. ಇನ್ನೊಂದು ಪುಟದಲ್ಲಿ ಗಣಪತಿ ಇಲಿಯನ್ನು ಬಿಟ್ಟು ರಿಕ್ಷಾ ಹತ್ತಿದ್ದ.

"ಎಂತ ಇದು, ದೇವರ ಪುಸ್ತಕದಲ್ಲಿ ತಪ್ಪು ಬರೀತೀಯಾ?"

"ದೇವರಿಗೆ ಗೊತ್ತುಂಟು ಅತ್ತಿಗೆ, ಅವರು ದೋಸೆ ತಿನ್ನುದಿಲ್ಲ ಅಂತ. ಗೊತ್ತಾಗ್ಬೇಕಾದ್ದು ಇವನಿಗೆ."

"ಅಮ್ಮ ಇದ್ದಿದ್ರೆ ನಿನ್ನನ್ನು ಮನೆಯಿಂದ ಹೊರಗೆ ಹಾಕ್ತಿದ್ರು."

"ಹಾಕ್ತಿದ್ರು. ಮೊಮ್ಮಗ ಓದಿದ ದಿನ ಒಳಗೆ ಕರೀತಿದ್ರು."

ಮಗನಿಗೆ ಅವಳು ಹೇಳಿದ್ದು ಇಷ್ಟೇ: ಬರೆಯುವಾಗ ನಾನು ಕೆಲವು ಕಡೆ ತಪ್ಪಿರಬಹುದು, ಸಿಕ್ಕಿದರೆ ಕೆಂಪು ಪೆನ್ಸಿಲಿನಿಂದ ತಿದ್ದುವ ಹಕ್ಕು ನಿನ್ನದು. ಹಗಲು ಹೊತ್ತು ಉಪ್ಪು ಕಾಗದದಲ್ಲಿ ಅಕ್ಷರ ಕತ್ತರಿಸಿ ಕಣ್ಣುಮುಚ್ಚಿ ಬೆರಳಿನಿಂದ ಗುರುತಿಸುವ ಆಟ, ಮಣ್ಣಿನಲ್ಲಿ ಅಕ್ಷರ ಹೊಸೆಯುವ ಆಟ. ಸಂಜೆ ಭಜನೆಗೆ ಹೊಸ ಪುಸ್ತಕ. ಹುಡುಗ ದೋಸೆಯ ಮೇಲೆ ಬೆರಳಿಟ್ಟು ಬೆಣ್ಣೆ ಎಂದು ಹಾಡುತ್ತಿದ್ದ. ಅವಳೂ ಅವನ ಹಿಂದೆ ಬೆಣ್ಣೆ ಎಂದೇ ಹಾಡುತ್ತಿದ್ದಳು. ಒಂದು ವಾರ, ಎರಡು ವಾರ. ನನಗೆ ನಾಲಿಗೆ ತುರಿಸುತ್ತಿತ್ತು. ನಾನಾದರೆ ಎರಡನೇ ದಿನಕ್ಕೇ ಕಿವಿ ಹಿಂಡಿ, "ಕಣ್ಣು ಎಲ್ಲಿಟ್ಟಿದ್ದೀ" ಎನ್ನುತ್ತಿದ್ದೆ. ಅವಳು ತಾಳ ತಪ್ಪಿಸದೆ ಹಾಡಿದಳು.

ಮಾರ್ಚಿನ ಒಂದು ಬುಧವಾರ ಅವನು ಹಾಡು ನಿಲ್ಲಿಸಿದ. ನಮ್ಮ ತಾಳಗಳು ಮುಂದಕ್ಕೆ ಹೋಗಿ ನಿಂತವು.

"ಅಮ್ಮಾ, ಇಲ್ಲಿ ಬೆ ಇಲ್ಲ."

"ಹೌದಾ? ಮತ್ತೆ ಎಂತ ಉಂಟು?"

ಹುಡುಗ ಬಗ್ಗಿ, ಮೂಗು ಪುಸ್ತಕಕ್ಕೆ ತಾಗುವಷ್ಟು ಹತ್ತಿರ ಹೋಗಿ, "ದೋ" ಎಂದ. ಆಮೇಲೆ, "ಸೆ". ಆಮೇಲೆ ದೇವರ ಫೋಟೊವನ್ನೂ ಅಮ್ಮನನ್ನೂ ನೋಡಿ, "ದೋಸೆಯಾ?" ಎಂದು ಕೇಳಿ ನಗಲು ಶುರುಮಾಡಿದ. ತಂಗಿ ಏನೂ ತಿಳಿಯದೆ ನಕ್ಕಳು. ತಮ್ಮ ಗೋಡೆಗೆ ಒರಗಿಕೊಂಡು ನಕ್ಕ. ನಾದಿನಿ ಮಾತ್ರ ಗಂಭೀರವಾಗಿ ಕೆಂಪು ಪೆನ್ಸಿಲ್ ತಂದುಕೊಟ್ಟಳು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಮಕ್ಕಳು ಹಾಗೆ ಒಂದೇ ದಿನದಲ್ಲಿ ಓದಲು ಕಲಿಯುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ನಮ್ಮ ಶಾಲೆಯ ಅಡ್ಮಿಶನ್ ಪಟ್ಟಿ ಮುಚ್ಚುವ ವಾರ ನಾನು ಪರೀಕ್ಷೆಗೆ ಹೋದೆ. ಅವನು ಎಂದೂ ನೋಡಿರದ ಒಂದು ಮಕ್ಕಳ ಕಥೆಯನ್ನು ಒಯ್ದಿದ್ದೆ. ಆರು ಸಾಲು. ಒತ್ತಕ್ಷರ ಬಂದಲ್ಲೆಲ್ಲ ಎಡವಿದ. ಒಂದು ಶಬ್ದಕ್ಕೆ ಮೂರು ಸಲ ಹಿಂದೆ ಹೋದ. ನನ್ನ ಚಹಾ ಆರಿ ಕೆನೆ ಕಟ್ಟಿತು. ನಾದಿನಿ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು, ತನ್ನ ಮುಖ ನೋಡಿ ಅವನಿಗೆ ಸುಳಿವು ಸಿಗಬಾರದು ಎಂದು. ಹೋಗುವ ಮುಂಚೆ ನನಗೆ ಹೇಳಿದ್ದಳು, "ಇದ್ದದ್ದನ್ನು ಇದ್ದ ಹಾಗೇ ಹೇಳಿ ಅತ್ತಿಗೆ."

ಆರನೇ ಸಾಲು ಮುಗಿಯಿತು. ಕಥೆಯಲ್ಲಿ ಏನಾಯಿತು ಎಂದು ಕೇಳಿದೆ. ಸರಿಯಾಗಿ ಹೇಳಿದ. ಆಮೇಲೆ, "ಆ ನರಿಗೆ ಬುದ್ಧಿ ಇಲ್ಲ ಅತ್ತೆ" ಎಂದು ಎದ್ದುಹೋದ.

ತಮ್ಮ ಕೇಳಿದ, "ತುಂಬಾ ನಿಧಾನ ಅಲ್ವಾ ಅಕ್ಕ? ನಿನ್ನ ಕ್ಲಾಸಿಗೆ ಬಂದ್ರೆ ಎಲ್ಲಿ ನಿಲ್ತಾನೆ?"

ಒಳಗೆ ಪಾತ್ರೆಯ ಸದ್ದು ನಿಂತಿತು.

ನಿಧಾನ ಎಂಬುದು ನಿಜವೇ. ಹಾಗೆಂದು ಒಂದು ಮಾತು ಹೇಳಿದ್ದರೆ ಸೀಟು ಖಾಯಂ. ಆದರೆ ಫೆಬ್ರುವರಿಯಿಂದ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು, ಅದು ಹೊರಗೆ ಬಂತು.

"ನನ್ನ ಕ್ಲಾಸಲ್ಲಿ ಅರವತ್ತು ಮಕ್ಕಳು. ನಾನು ಓದ್ತೇನೆ, ಅವ್ರು ಒಟ್ಟಿಗೆ ರಾಗ ಎಳೀತಾರೆ. ಇವನ ಹಾಗೆ ಬಾಯಿಪಾಠ ಹೊಡೆಯುವವರು ಅದ್ರಲ್ಲಿ ಎಷ್ಟು ಜನ ಅಂತ ನಂಗೆ ಗೊತ್ತಿಲ್ಲ. ಇವ ಅಲ್ಲಿದ್ದಿದ್ರೆ ನಾಲ್ಕನೇ ಕ್ಲಾಸಿನ ತನಕ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಇಲ್ಲಿ ಗೊತ್ತಾಯ್ತು, ಎರಡು ತಿಂಗಳಲ್ಲಿ ಇಲ್ಲಿಗೆ ಬಂದ. ನಿಧಾನ ಹೌದು. ಆದ್ರೆ ಅವ ಓದಿದ್ದು. ಮನೆಯಲ್ಲೇ ಇರ್ಲಿ."

ತಮ್ಮ ನನ್ನನ್ನೇ ನೋಡಿದ. "ಮತ್ತೆ ಸೀಟು?"

"ಬೇರೆ ಯಾರಾದ್ರೂ ಬರ್ತಾರೆ. ಸೀಟಿಗೆ ಎಂತ ಬರ."

ಅವನು ತಲೆಯಾಡಿಸಿದ. "ಆಯ್ತು ಹಾಗಾದ್ರೆ" ಎಂದು ಒಳಗಿನ ಕಡೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ನಾದಿನಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. "ಚಹಾ ಆರಿಹೋಗಿದೆ, ಬೇರೆ ಮಾಡ್ತೇನೆ" ಎಂದು ನನ್ನ ಲೋಟ ತೆಗೆದುಕೊಂಡು ಹೋದಳು. ಒಳಗೆ ಅವಳು ಮೂಗು ಸೀಟುವುದು ಕೇಳಿಸಿತು.

ಜೂನಿನಲ್ಲಿ ಶಾಲೆ ಶುರುವಾಯಿತು. ಎರಡನೇ ಕ್ಲಾಸು, ಹೊಸ ಮಕ್ಕಳು, ಒದ್ದೆ ರೇನ್‌ಕೋಟುಗಳ ವಾಸನೆ. ಮೊದಲ ಪಾಠವನ್ನು ಎಲ್ಲರೂ ಒಟ್ಟಿಗೆ ರಾಗವಾಗಿ ಓದಿದರು, ತಪ್ಪೇ ಇಲ್ಲ. ಹದಿನೆಂಟು ವರ್ಷ ಅಲ್ಲಿಗೇ ಬೆನ್ನು ತಟ್ಟಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಈ ಸಲ ಎರಡನೇ ಬೆಂಚಿನ ಒಂದು ಹುಡುಗಿಯ ಹತ್ತಿರ ಹೋಗಿ, ಪುಟದ ಕೊನೆಯ ಸಾಲನ್ನು ತೋರಿಸಿ, ಇದೊಂದನ್ನು ಓದು ಎಂದೆ. ಎರಡು ಜಡೆ, ಹೊಸ ರಿಬ್ಬನ್. ಅವಳು ಒಳ್ಳೆಯ ದನಿಯಲ್ಲಿ ಮೊದಲ ಸಾಲಿನಿಂದ ಹೇಳಲು ಶುರುಮಾಡಿದಳು. ನಾನು ಮತ್ತೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವಳ ದನಿ ಸಣ್ಣದಾಗಿ ನಿಂತುಹೋಯಿತು, ಬೈಗುಳ ಬರುತ್ತದೆ ಎಂದು ಕುತ್ತಿಗೆ ಒಳಗೆಳೆದುಕೊಂಡಳು.

"ಥೋಡಾ ಸರಕ್" ಎಂದೆ. ಅವಳು ಸರಿದು ಜಾಗ ಕೊಟ್ಟಳು. ಆ ಪುಟ್ಟ ಬೆಂಚಿನಲ್ಲಿ ಅವಳ ಪಕ್ಕ ನಾನೂ ಕುಳಿತೆ.