ಎಡಗಿವಿಯಲ್ಲಿ ಕೇಳಿದ ಆಲ್ಬಂ

ಡೈರಿ ಬರೆಯುವವರಿಗೆ ಒಂದು ಶಿಕ್ಷೆಯಿದೆ. ತಪ್ಪು ಮಾಡಿದ ದಿನ ಎಷ್ಟು ಧೈರ್ಯವಾಗಿ ಮಾಡಿದೆವು ಎಂಬುದನ್ನು ಆಮೇಲೆ ನಮ್ಮದೇ ಅಕ್ಷರದಲ್ಲಿ ಓದಬೇಕಾಗುತ್ತದೆ. ಆ ಸೋಮವಾರದ ಪುಟದಲ್ಲಿ ನಾನು ಬರೆದಿರುವುದು ಇಷ್ಟು: “ಮಾತಿಲ್ಲದ ಆಲ್ಬಂ! ಒಂದೇ ಒಂದು ಮಾತೂ ಇಲ್ಲ, ಬೇಕೂ ಇಲ್ಲ. ಎಂಥ ಮಕ್ಕಳು!” ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಆಲ್ಬಂ ನನ್ನ ತಮ್ಮನ ಮಗಳು ಮತ್ತು ಅವಳ ಇಬ್ಬರು ಗೆಳೆಯರದ್ದು, ಅವರ ಮೊಟ್ಟಮೊದಲನೆಯದು. ತಮ್ಮನ ಮನೆ ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷದಿಂದ ಅವಳು ಬ್ಯಾಂಡು ಬ್ಯಾಂಡು ಎನ್ನುತ್ತಿದ್ದಳು. ಎಂಥ ಸಂಗೀತ ಎಂದು ಒಮ್ಮೆ ಕೇಳಿದ್ದೆ. “ಸೈಕೆಡೆಲಿಕ್ ರಾಕ್ ಅತ್ತೆ. ಅಪ್ಪ ಹುಟ್ಟೋಕೂ ಮುಂಚಿನ ಸೌಂಡು. ಗಿಟಾರು ಬಿಸಿಲಿಗೆ ಕರಗ್ತಾ ಇದೆ ಅನ್ನಿಸ್ಬೇಕು” ಎಂದಿದ್ದಳು. ನೀನೇನು ಮಾಡುತ್ತೀಯ ಎಂದಿದ್ದಕ್ಕೆ “ನಾನು ಕೀಬೋರ್ಡು” ಎಂದಳು. ಇನ್ನೇನಾದರೂ ಹೇಳಿದ್ದಳೇ? ನನ್ನ ನೆನಪಿನಲ್ಲಿಲ್ಲ. ನನ್ನ ನೆನಪಿನಲ್ಲಿಲ್ಲ ಎಂದರೆ ಅವಳು ಹೇಳಿರಲಿಲ್ಲ ಎಂದು ಅರ್ಥವಲ್ಲ.

ಸೋಮವಾರ ಬೆಳಿಗ್ಗೆ ಪಾಂಡವಪುರದಲ್ಲಿ ಬಸ್ಸು ಹತ್ತುವಾಗ ಅವಳ ಸಂದೇಶ ಬಂತು. “ಅತ್ತೆ, ಆಲ್ಬಂ ಬಂತು. ಪೂರ್ತಿ ಕೇಳಿ. ಸುಮ್ಮನೆ ಹೊಗಳಬೇಡಿ. ನೀವು ನಿಜ ಹೇಳ್ತೀರ ಅಂತ ನಿಮಗೇ ಮೊದಲು ಕಳಿಸ್ತಿದೀನಿ.” ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ ಉಚಿತ ಟಿಕೆಟ್ಟಿಗೆ ಆಧಾರ್ ತೋರಿಸುವ ಬದಲು ಕಂಡಕ್ಟರಿಗೆ ಅದೇ ಸಂದೇಶ ತೋರಿಸಿದೆ.

ನಾನು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪಾಂಡವಪುರದಿಂದ ದಿನಾ ಓಡಾಟ. ಪಕ್ಕದ ಸೀಟಿನಲ್ಲಿ ಕೂರುವಾಕೆ ಬೂಕನಕೆರೆಯ ಆಸ್ಪತ್ರೆಯಲ್ಲಿ ನರ್ಸು. ಊರೆಲ್ಲ ಸಿಸ್ಟರ್ ಎನ್ನುವುದರಿಂದ ನಾನೂ ಸಿಸ್ಟರ್ ಎನ್ನುತ್ತೇನೆ, ನನಗಿಂತ ಚಿಕ್ಕವಳಾದರೂ. ಮೂರು ವರ್ಷದಿಂದ ನಮ್ಮಿಬ್ಬರಿಗೂ ಸೇರಿ ಒಂದೇ ಇಯರ್‌ಫೋನು, ವೈರಿನದ್ದು. ಕಿಟಕಿ ಪಕ್ಕ ಎಡಕ್ಕೆ ಕೂರುವ ನನಗೆ ಎಡದ ತುದಿ, ಬಲಕ್ಕೆ ಕೂರುವ ಆಕೆಗೆ ಬಲದ ತುದಿ. ಬೂಕನಕೆರೆ ಬರುವವರೆಗೆ ಹಳೆಯ ಚಿತ್ರಗೀತೆ, ಆಕೆ ಇಳಿದ ಮೇಲೆ ವೈರು ಸುತ್ತಿ ಚೀಲಕ್ಕೆ. ಆ ಹಾಡುಗಳಲ್ಲಿ ಎಡಕ್ಕೂ ಬಲಕ್ಕೂ ಬರುವುದು ಒಂದೇ. ಹಾಗಾಗಿ ಹಂಚಿಕೊಂಡದ್ದರಿಂದ ಏನಾದರೂ ಕಡಿಮೆಯಾಗಬಹುದು ಎಂದು ನಮಗೆ ಯಾವತ್ತೂ ಹೊಳೆದಿರಲಿಲ್ಲ.

“ಇವತ್ತು ನಮ್ಮ ಹುಡುಗಿಯ ಆಲ್ಬಂ” ಎಂದೆ.

“ಹಾಕಿ ಹಾಕಿ” ಎಂದು ಸಿಸ್ಟರ್ ಬುರ್ಖಾದ ಅಂಚನ್ನು ಸರಿಸಿ ತನ್ನ ತುದಿಯನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಮೊದಲ ಹಾಡಿಗೆ ಗಿಟಾರು ದುಂಬಿಯ ಹಾಗೆ ಗುಂಯ್ ಎಂದು ಶುರುವಾಯಿತು. ಅದೇ ಸ್ವರ ನಿಧಾನವಾಗಿ ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಜಗ್ಗತೊಡಗಿತು. ಡ್ರಮ್ಮು ಎಲ್ಲಿಂದಲೋ ಬಂದು ನನ್ನ ದವಡೆಯಲ್ಲೇ ಕೂತುಬಿಟ್ಟಿತು. ಅದರ ಮೇಲೆ ಅವಳ ಕೀಬೋರ್ಡು, ಹಳೆಯ ಹಾರ್ಮೋನಿಯಂ ಜ್ವರ ಬಂದು ಕನವರಿಸಿದರೆ ಹೇಗೋ ಹಾಗೆ. ಚಿನಕುರಳಿಯ ಹತ್ತಿರ ಎದುರಿನ ಕಂಬಿ ಹಿಡಿದುಕೊಂಡೆ. ಬಸ್ಸು ತಿರುಗಿದ್ದಕ್ಕೋ ಹಾಡು ತಿರುಗಿದ್ದಕ್ಕೋ ಈಗ ಹೇಳಲಾರೆ. ನಡುನಡುವೆ ಎಲ್ಲ ವಾದ್ಯಗಳೂ ಹಿಂದೆ ಸರಿದು ಬರೀ ಡ್ರಮ್ಮು ಬಹಳ ಹೊತ್ತು ಸುಮ್ಮನೆ ನಡೆಯುತ್ತಿತ್ತು. ಯಾರೋ ಬರುತ್ತಾರೆಂದು ಬಾಗಿಲು ತೆರೆದಿಟ್ಟು ಕಾದ ಹಾಗೆ. ಆ ಖಾಲಿ ಜಾಗಗಳೇ ನನ್ನನ್ನು ಸೋಲಿಸಿದ್ದು. ಬಹಳ ದೂರದಲ್ಲಿ ಯಾರೋ ಏನನ್ನೋ ಊದುತ್ತಿರುವಂತೆಯೂ ಕೇಳಿಸಿತು. ಕೊಳಲು ಎಂದು ಡೈರಿಯಲ್ಲಿದೆ.

ಬೂಕನಕೆರೆ ಬಂತು. “ಬೋ ಚೆನ್ನಾಗೈತೆ ಮೇಡಂ” ಎಂದು ಸಿಸ್ಟರ್ ಇಳಿಯುತ್ತ ಹೇಳಿದಳು. “ಅಲ್ವಾ!” ಎಂದೆ ನಾನು. ಇಬ್ಬರಿಗೂ ಪೂರ್ಣ ಒಪ್ಪಿಗೆ.

ಸ್ಟಾಫ್ ರೂಮಿನಲ್ಲಿ ಕೂತು ಅವಳಿಗೆ ಉದ್ದದ ಉತ್ತರ ಬರೆದೆ. ಅದು ಫೋನಿನಲ್ಲಿ ಹಾಗೇ ಇದೆ, ನೆನಪನ್ನು ನಂಬಬೇಕಾಗಿಲ್ಲ. “ಎಲ್ಲರೂ ಹಾಡಿ ಹಾಡಿ ಬೇಸರ ತರಿಸುತ್ತಾರೆ. ನೀವು ಬಾಯಿ ಮುಚ್ಚಿಕೊಂಡಿದ್ದೀರಿ, ಅದೇ ದೊಡ್ಡದು. ಮಾತು ಬಂದಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು. ಯಾರು ಏನೇ ಹೇಳಿದರೂ ಹಾಡಲು ಹೋಗಬೇಡಿ.”

ಎರಡು ನೀಲಿ ಗೆರೆ ಬಂತು. ಸಂಜೆ ಒಂದು ಸಾಲು ಬಂತು: “ಸರಿ ಅತ್ತೆ.”

ಬುಧವಾರ ತಮ್ಮ ಫೋನು ಮಾಡಿದ. “ಅಕ್ಕ, ನೀನು ಅವಳಿಗೆ ಏನು ಹೇಳಿದೆ?”

“ಚೆನ್ನಾಗಿದೆ ಅಂದೆ. ಯಾಕೆ?”

“ಭಾನುವಾರ ನಾಗಮಂಗಲದಲ್ಲಿ ಗಿಟಾರಿನವನ ಅಕ್ಕನ ಆರತಕ್ಷತೆ. ಇವರದ್ದು ಅರ್ಧ ಗಂಟೆ ಇದೆ. ಈಗ ಇವಳು ನಾನು ಹಾಡಲ್ಲ ಅಂತಾಳೆ.”

“ಅವಳು ಹಾಡ್ತಾಳಾ?”

“ನೀನು ಆಲ್ಬಂ ಕೇಳಿದೆ ತಾನೆ?” ಎಂದ.

ಕೇಳಿದೆ, ಎರಡು ಸಲ ಕೇಳಿದೆ ಎಂದು ರೇಗಿದೆ. ಇವನಿಗೆ ಸಂಗೀತ ಗೊತ್ತಿಲ್ಲ, ಯಾವುದನ್ನೋ ಯಾವುದಕ್ಕೋ ಬೆರೆಸುತ್ತಿದ್ದಾನೆ ಎಂದುಕೊಂಡೆ. ಹಾಗೆಂದು ಡೈರಿಯಲ್ಲೂ ಬರೆದೆ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಮತ್ತೆ ಅದೇ ಆಲ್ಬಂ ಹಾಕಿದೆವು. ನಾಲ್ಕನೆಯ ಹಾಡಿನ ಹೊತ್ತಿಗೆ ಸಿಸ್ಟರ್ ಜೊತೆಜೊತೆಗೆ ಗುನುಗತೊಡಗಿದಳು. ನನಗೆ ಬರೀ ಡ್ರಮ್ಮು ಕೇಳುವ ಜಾಗದಲ್ಲಿ ಆಕೆಯ ಬಾಯಲ್ಲಿ ರಾಗ.

“ಮೇಡಂ, ‘ಕಟ್ಟೆ ಮ್ಯಾಲೆ ನಿಂತು ಕೂಗಿದೆ’ ಅಂತಾಳಲ್ಲ, ಅದ್ಯಾವ್ ಕಟ್ಟೆ? ನಮ್ ಕೆಆರೆಸ್ಸಾ?”

“ಯಾರು ಅಂತಾರೆ?”

“ನಿಮ್ ಹುಡುಗಿನೇ.”

“ಎಲ್ಲಿ ಅಂತಾಳೆ?”

“ಯಾ ಅಲ್ಲಾ! ಸೋಮವಾರದಿಂದ ನನ್ ಕಿವೀಲಿ ಅಂತಾನೇ ಅವ್ಳೆ. ನಿಮ್ಗೇನ್ ನಿದ್ದೆ ಬಂದಿತ್ತಾ?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತುದಿಗಳನ್ನು ಅದಲುಬದಲು ಮಾಡಿಕೊಳ್ಳೋಣ ಎಂದವರು ಯಾರು? ನಾನೇ ಎಂದು ಡೈರಿಯಲ್ಲಿದೆ. ಸಿಸ್ಟರ್ ತಾನು ಎನ್ನುತ್ತಾಳೆ. ಇರಲಿ. ಬಲದ ತುದಿಯನ್ನು ಕಿವಿಗಿಟ್ಟುಕೊಂಡೆ.

ಅವಳ ದನಿ! ಕಿವಿಯೊಳಗೇ ಕೂತು ಹಾಡುತ್ತಿದ್ದಳು. ಡ್ರಮ್ಮು ಇಲ್ಲ, ಗುಂಯ್ ಎನ್ನುವ ಗಿಟಾರಿಲ್ಲ, ಅವಳು ಮತ್ತು ಒಂದು ಸಣ್ಣ ಗಿಲಕಿ. ನನ್ನ ದೂರದ ಕೊಳಲು ಅವಳ ದನಿಯ ಪ್ರತಿಧ್ವನಿಯಾಗಿತ್ತು.

ಪಕ್ಕದಲ್ಲಿ ಸಿಸ್ಟರ್ ಮುಖ ಹಿಂಡಿದ್ದಳು. “ಇದೇನ್ ಬರೀ ಡಬಡಬ! ಇದ್ಕೇನಾ ನೀವು ಆಹಾ ಓಹೋ ಅಂತಿದ್ದದ್ದು? ಪಾಪ ಮೇಡಂ, ನಿಮ್ ಸಹನೆ ದೊಡ್ದು.”

ನಗು ಬಂತು. ಮರುಕ್ಷಣವೇ ನನ್ನ ಸಂದೇಶ ನೆನಪಾಗಿ ನಗು ನಿಂತುಹೋಯಿತು. “ಸಿಸ್ಟರ್, ಇವತ್ತು ಎರಡೂ ನನಗೇ ಕೊಡಿ” ಎಂದೆ. ಮೂರು ವರ್ಷದಲ್ಲಿ ಮೊದಲ ಸಲ ಎರಡೂ ಕಿವಿಗೆ ಹಾಕಿಕೊಂಡು ಮೊದಲ ಹಾಡಿನಿಂದ ಕೇಳತೊಡಗಿದೆ. ನಾನು ಹೊಗಳಿದ ಪ್ರತಿಯೊಂದು ಖಾಲಿ ಜಾಗದಲ್ಲೂ ಅವಳಿದ್ದಳು. ಡ್ರಮ್ಮು ಬಾಗಿಲು ತೆರೆದು ಕಾಯುತ್ತಿದ್ದದ್ದು ಅವಳಿಗೇ. ಮೈ ಜುಮ್ಮೆಂದಿತು. ಕೆ.ಆರ್. ಪೇಟೆಯಲ್ಲಿ ಎಲ್ಲರೂ ಇಳಿದ ಮೇಲೂ ನಾನು ಕೂತೇ ಇದ್ದೆನಂತೆ. “ಮೇಡಂ, ಡಿಪೋಗ್ ಬರ್ತೀರಾ?” ಎಂದು ಕಂಡಕ್ಟರು ಕೇಳಿದ.

ನಾಲ್ಕನೆಯ ಹಾಡಿನ ಕಟ್ಟೆ ಕೆಆರೆಸ್ಸಲ್ಲ, ಹೇಮಗಿರಿಯದ್ದು. “ಕಟ್ಟೆ ಮೇಲೆ ನಿಂತು ಕೂಗಿದೆ, ನನ್ನ ಕೂಗು ನನಗೇ ಸಿಗಲಿಲ್ಲ.” ಅದು ನನ್ನ ಕಥೆ. ಚಿಕ್ಕವರಿದ್ದಾಗ ಅಕ್ಕಿಹೆಬ್ಬಾಳಿನ ನೆಂಟರ ಮನೆಗೆ ಹೋದವರು ನಾನೂ ತಮ್ಮನೂ ಹೇಮಗಿರಿ ಅಣೆಕಟ್ಟೆಯ ಹತ್ತಿರ ನಿಂತಿದ್ದೆವು. ಹೇಮಾವತಿ ತುಂಬಿ ಧುಮುಕುತ್ತಿತ್ತು. ಗಂಟಲು ಹರಿಯುವಂತೆ ಕೂಗಿದರೂ ನನ್ನ ದನಿ ನನಗೆ ಕೇಳದೆ ಹೆದರಿ ಅತ್ತಿದ್ದೆ. ಕೂಗಿದವಳು ನಾನು, ಅತ್ತವನು ತಮ್ಮ ಎಂದೂ ಒಂದು ನೆನಪಿದೆ. ತಮ್ಮನ ಮಗಳು ಪುಟ್ಟವಳಿದ್ದಾಗ ಅವಳಿಗೆ ಇದನ್ನು ಯಾವಾಗ ಹೇಳಿದೆನೋ ಗೊತ್ತಿಲ್ಲ. ಅವಳು ಅದನ್ನು ಇಟ್ಟುಕೊಂಡು, ಹಾಡು ಮಾಡಿ, ಮೊದಲು ನನಗೇ ಕಳಿಸಿದ್ದಳು. ಬಾಯಿ ಮುಚ್ಚಿಕೊಂಡಿದ್ದೇ ದೊಡ್ಡದು ಎಂದು ನಾನು ಬರೆದಿದ್ದೆ.

ಫೋನು ಮಾಡಿದೆ. ಎತ್ತಲಿಲ್ಲ. ಐದು ಸಲ ಮಾಡಿದೆ. ಬ್ಯಾಂಡಿನವರು ಸಂಜೆ ಐದರ ಮೇಲೆ ಪಾಂಡವಪುರದ ಹೊರಗೆ, ಮೇಲುಕೋಟೆ ರಸ್ತೆಯಲ್ಲಿ, ಡ್ರಮ್ಮಿನವನ ಮನೆಯವರ ಹಳೆಯ ಬೆಲ್ಲದ ಗೋಡೌನಿನಲ್ಲಿ ಅಭ್ಯಾಸ ಮಾಡುತ್ತಾರೆಂದು ಗೊತ್ತಿತ್ತು. ಸಂಜೆಯ ಬಸ್ಸಿಗೆ ಸಿಸ್ಟರ್ ಬೂಕನಕೆರೆಯಲ್ಲಿ ಹತ್ತಿದಳು. ವಿಷಯ ಹೇಳಿದೆ. “ನಾನೂ ಬತ್ತೀನಿ. ನಿಮ್ಮೊಬ್ರ ಮಾತು ಯಾರ್ ನಂಬ್ತಾರೆ? ಸಾಕ್ಷಿ ಬೇಕು” ಎಂದಳು.

ಆಟೋದಲ್ಲಿ ಹೋಗಿ ಇಳಿದಾಗ ಒಳಗಿನಿಂದ ನನ್ನ ಎಡಗಿವಿಯ ಆಲ್ಬಂ ಕೇಳುತ್ತಿತ್ತು. ಡ್ರಮ್ಮು, ಗಿಟಾರು, ಕೀಬೋರ್ಡು. ಹಾಡು ಬರಬೇಕಾದಲ್ಲಿ ಅವಳ ಬೆರಳು ರಾಗವನ್ನು ಕೀಬೋರ್ಡಿನಲ್ಲಿ ನುಡಿಸುತ್ತಿತ್ತು. ಮೊದಲ ಸಲ ಅದು ನನಗೆ ಬೋಳು ಬೋಳು ಎನಿಸಿತು.

ನಮ್ಮನ್ನು ಕಂಡು ನುಡಿಸುವುದನ್ನು ನಿಲ್ಲಿಸಿದರು. ಡ್ರಮ್ಮಿನವನು ಹಗಲು ಟ್ರಾಕ್ಟರ್ ಬಿಡಿಭಾಗದ ಅಂಗಡಿ ನೋಡಿಕೊಳ್ಳುವವನು, ಗಟ್ಟಿ ಆಳು. “ಬನ್ನಿ ಅತ್ತೆಮ್ಮ, ಕೂತ್ಕಳಿ” ಎಂದು ಚೀಲ ಝಾಡಿಸಿ ಹಾಸಿದ. ನನ್ನ ಸೋದರಸೊಸೆ ಮಾತ್ರ ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ.

“ಅಪ್ಪ ಕಳಿಸಿದ್ರಾ?”

“ಇಲ್ಲ ಕಣೇ. ನಾನು ನಿನ್ನ ಹಾಡು ಕೇಳೇ ಇರಲಿಲ್ಲ. ಒಂದೇ ಕಿವೀಲಿ ಕೇಳ್ತಿದ್ದೆ.”

“ಒಂದೇ ಕಿವೀಲಿ ಯಾರು ಕೇಳ್ತಾರೆ ಅತ್ತೆ?”

“ನಾವ್ ಕೇಳ್ತೀವಮ್ಮ, ಮೂರು ವರ್ಷದಿಂದ” ಎಂದು ಸಿಸ್ಟರ್ ಮುಂದೆ ಬಂದಳು. “ಇವರ ಕಿವೀಗೆ ಬರೀ ಡಬಡಬ, ನನ್ ಕಿವೀಗೆ ಬರೀ ನೀನು. ಅಲ್ಲಾನಾಣೆ.”

ಡ್ರಮ್ಮಿನವನು ಗಿಟಾರಿನವನ ಕಡೆ ತಿರುಗಿದ. “ಲೇ, ಹಳೇ ಕಾಲದ ಸ್ಟೀರಿಯೊ ಹಳೇ ಕಾಲದ ಸ್ಟೀರಿಯೊ ಅಂತ ಹಾಡೊಂದ್ ಕಡೆ, ಬಾಜಾ ಒಂದ್ ಕಡೆ ಮಾಡ್ದಲ್ಲ. ಬಸ್ಸಲ್ಲಿ ಕೇಳೋ ಜನಕ್ಕೆಲ್ಲ ಅರ್ಧರ್ಧ ಕೊಟ್ಬುಟ್ಟೆ ಕಣ್ಲಾ!”

“ಆಗಿನ ರೆಕಾರ್ಡೆಲ್ಲ ಹಂಗೇ ಇದ್ದಿದ್ದು ಕಣ್ಲಾ” ಎಂದು ಗಿಟಾರಿನವನು ಗೊಣಗಿದ. “ಆಗ ಬಸ್ಸಲ್ಲಿ ಯಾರ್ ಕೇಳೋರು?”

ಎಲ್ಲರೂ ನಕ್ಕರು, ಅವಳೊಬ್ಬಳು ಬಿಟ್ಟು. “ಸರಿ, ಈಗ ಕೇಳಿದ್ರಲ್ಲ” ಎಂದಳು.

ನಾನು ಶುರುಮಾಡಿದೆ. ನಿನ್ನ ದನಿ ಅದ್ಭುತ, ಮೈ ಜುಮ್ಮೆಂದಿತು, ಡಿಪೋಗೆ ಹೋಗಿಬಿಡುತ್ತಿದ್ದೆ, ಎಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ಆದರೆ ನಾನು ಹೇಳುತ್ತ ಹೋದಂತೆ ಅವಳ ಮುಖ ಮುದುಡುತ್ತಿತ್ತು. ಸೋಮವಾರವೂ ನಾನು ಇಷ್ಟೇ ಉತ್ಸಾಹದಿಂದ ಹೊಗಳಿದ್ದೆನಲ್ಲ, ಇದಕ್ಕೆ ಪೂರಾ ತದ್ವಿರುದ್ಧವಾದದ್ದನ್ನು. ಅವಳ ಜಾಗದಲ್ಲಿ ನಾನಿದ್ದರೂ ಈ ಅತ್ತೆಯನ್ನು ನಂಬುತ್ತಿರಲಿಲ್ಲ.

“ಬೇಜಾರು ಮಾಡ್ಕೋಬೇಡಿ ಅತ್ತೆ. ಭಾನುವಾರ ಕೀಬೋರ್ಡಲ್ಲೇ ನುಡಿಸ್ತೀನಿ. ಅದೇ ಸರಿಯಾಗಿದೆ” ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಹೊಗಳಿಕೆ ಮುಗಿದುಹೋದ ನನ್ನ ಮೇಲೆ. ಆಗ ಬೆಳಗಿನಿಂದ ಮನಸ್ಸಿನ ಮೂಲೆಯಲ್ಲಿದ್ದ, ಹೇಳಲೇಬಾರದು ಎಂದುಕೊಂಡಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

“ಆದರೆ ನಾಲ್ಕನೇ ಹಾಡಲ್ಲಿ ಒಂದು ತಪ್ಪಿದೆ. ‘ಕೂಗಿದೆ’ ಅಂತೀಯಲ್ಲ, ಅಲ್ಲಿ ನೀನು ಕೂಗೋದೇ ಇಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಕೇಳೋ ಹಾಗೆ ಮೆಲ್ಲಗೆ ಅಂತೀಯ. ಎರಡು ಸಲ ಬರತ್ತೆ, ಎರಡು ಸಲವೂ ದನಿ ಕೆಳಗಿಳಿಸ್ತೀಯ. ಹೇಮಗಿರಿ ಕಟ್ಟೆ ಮೇಲೆ ನಿಂತವಳು ಹಾಗೆ ಕೂಗ್ತಾಳೇನೇ? ನನಗೆ ಗಂಟಲು ಕಿತ್ತುಹೋಗಿತ್ತು!”

ಸಿಸ್ಟರ್ ನನ್ನ ಸೆರಗು ಜಗ್ಗಿದಳು.

ನನ್ನ ಸೊಸೆ ತಲೆಯೆತ್ತಿದಳು. “ಎರಡನೇ ಸಲಾನೂ ಇಳಿಸ್ತೀನಾ?”

“ಎರಡನೇ ಸಲ ಇನ್ನೂ ಜಾಸ್ತಿ.”

“ಅಂಗ್ ಹೇಳಿ ಅತ್ತೆಮ್ಮ!” ಡ್ರಮ್ಮಿನವನು ಕೋಲಿನಿಂದ ತೊಡೆ ಬಡಿದುಕೊಂಡ. “ಆರು ತಿಂಗಳಿಂದ ನಾನೂ ಅದೇ ಬಡ್ಕೋತಾವ್ನಿ. ನೀನು ಡ್ರಮ್ ಬಾರ್ಸು ಅಂತಾಳೆ ನಂಗೆ.”

ಅವಳು ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮುಖದ ಮೇಲೆ ಒಂದು ನಗು ಏಳುತ್ತಿತ್ತು. ಇಂಥ ನಗುವನ್ನು ಆಮೇಲೆ ಬರೆಯುವಾಗ ದೊಡ್ಡದು ಮಾಡುವ ಅಭ್ಯಾಸ ನನಗಿದೆ, ಆದ್ದರಿಂದ ಸಣ್ಣದೇ ಎಂದು ಬರೆಯುತ್ತೇನೆ. “ಅತ್ತೆ ನಿಜವಾಗ್ಲೂ ಕೇಳವ್ರೆ ಕಣ್ರೋ” ಎಂದಳು, ಅವನದೇ ಧಾಟಿಯಲ್ಲಿ.

ಮೂಲೆಯಲ್ಲಿ ವೈರು ಸುತ್ತಿಟ್ಟಿದ್ದ ಮೈಕನ್ನು ತಂದು ಸಿಕ್ಕಿಸಿದಳು. ನಾಲ್ಕನೆಯ ಹಾಡು ಶುರುವಾಯಿತು. ಡ್ರಮ್ಮು ಬಾಗಿಲು ತೆರೆದು ಕಾಯುವ ಜಾಗ ಬಂದಾಗ ಅವಳು ಕಣ್ಣು ಮುಚ್ಚಿ ಕೂಗಿದಳು. ತಗಡಿನ ಸೂರು ಝಣ್ ಎಂದಿತು. ಸಿಸ್ಟರ್ “ತೌಬಾ!” ಎಂದು ಎರಡೂ ಕಿವಿ ಮುಚ್ಚಿಕೊಂಡು ಬಿದ್ದು ಬಿದ್ದು ನಕ್ಕಳು.

ಗಿಟಾರಿನವನು ನುಡಿಸುವುದನ್ನು ನಿಲ್ಲಿಸಿಬಿಟ್ಟ. “ಲೇ, ನಮ್ಮಕ್ಕನ ಆರತಕ್ಷತೆ ಕಣೇ ಅದು. ಬೀಗ್ರೆಲ್ಲ ಮುಂದೇನೇ ಕೂತಿರ್ತಾರೆ. ಒಸಿ ಮೆಲ್ಲಗೆ ಕೂಗು.”

“ಆಗಲ್ಲ” ಎಂದಳು ಅವಳು. “ಇನ್ನೊಂದ್ಸಲ ಮೊದಲಿಂದ.”